ಮಾತಾಡಿಸಿಕೊಂಡು ಹೋಗಲು ಬಂದ ಕೆಮ್ಮು

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕ್ಲಿನಿಕ್ ಇಟ್ಟುಕೊಂಡವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಟೋಕನ್ ಕೂಡ ತೆಗೆದುಕೊಳ್ಳದೆ ಸೀದಾ ಒಳಗೆ ಬಂದು ಕೂರುತ್ತದೆ. ನಗುವುದಕ್ಕೆ ನಮ್ಮಲ್ಲಿ ತ್ರಾಣ ಉಳಿದಿರಬೇಕು, ಅಷ್ಟೆ. ನನ್ನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತದೆ. ಹಾಗಾಗಿ ಈ ಕೆಳಗಿನ ಪ್ರಸಂಗಗಳಲ್ಲಿ ಹೆಚ್ಚಿನವಕ್ಕೆ ನಾನು ನಕ್ಕಿದ್ದು ನಡೆದಾಗಲ್ಲ, ಮನೆಗೆ ಹೋಗಿ ಕಾಲು ಚಾಚಿದ ಮೇಲೆ.

ಕಳೆದ ಸಲ ಹೊಗೆಸೊಪ್ಪಿನ ಕೆಲಸ ಜೋರಾಗಿದ್ದ ದಿನಗಳಲ್ಲಿ ನಮ್ಮ ಕಡೆ ವಾಕಿಂಗ್ ನ್ಯುಮೋನಿಯಾ ಬಂತು. ನ್ಯುಮೋನಿಯಾ ಅಂದರೆ ರೋಗಿ ಮಲಗಿರಬೇಕು, ಏದುಸಿರು ಬಿಡಬೇಕು, ಮನೆಯವರು ಕಣ್ಣೊರೆಸಿಕೊಳ್ಳಬೇಕು. ಇದರಲ್ಲಿ ಆ ಗಾಂಭೀರ್ಯ ಇಲ್ಲ. ಸಣ್ಣ ಜ್ವರ, ಮೈಕೈ ನೋವು, ಗಂಟಲು ಕೆರೆತ, ಆಮೇಲೆ ಬಿಟ್ಟೂಬಿಡದ ಒಣಕೆಮ್ಮು. ರೋಗಿ ಎದ್ದು ಓಡಾಡಿಕೊಂಡೇ ಇರುತ್ತಾನೆ, ರೋಗವೂ ಅವನ ಜೊತೆ ಓಡಾಡಿಕೊಂಡಿರುತ್ತದೆ. ಹತ್ತಿರದಲ್ಲಿ ಬಹಳ ಹೊತ್ತು ಕೂತವರಿಗೆ ಕೆಮ್ಮಿನ ತುಂತುರಿನಿಂದ ಅಂಟುತ್ತದೆ. ಅಂಟಿ ಎರಡು ಮೂರು ವಾರ ಕಳೆದ ಮೇಲೆ ತಲೆ ಎತ್ತುತ್ತದೆ. ಅಷ್ಟು ಹೊತ್ತಿಗೆ ಯಾರ ಪಕ್ಕ ಕೂತಿದ್ದೆವು ಎಂಬುದು ಯಾರಿಗೆ ನೆನಪಿರುತ್ತದೆ?

ಪುಸ್ತಕಗಳಲ್ಲಿ ಇದನ್ನು ಜನ ಕಿಕ್ಕಿರಿದ ನಗರಗಳ ಕಾಯಿಲೆ ಎಂದು ಬರೆದಿದ್ದಾರೆ. ಹಾಗೆ ಬರೆದವರು ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ನಮ್ಮ ಕಡೆಯ ಬಸ್ಸು ಹತ್ತಿದವರಲ್ಲ. ಹೆಸರು ಕೇಳಿದವರೆಲ್ಲ "ನಾನು ನಡೆಯೋದೇ ಇಲ್ಲ, ಬೈಕ್ ಅದೆ" ಎಂದು ಒಂದೇ ಜೋಕು ಹೊಡೆದರು. ಹೊಡೆದುಕೊಳ್ಳಲಿ ಎಂದು ಸುಮ್ಮನಾದೆ.

೧. ಎಕ್ಸ್‌ರೇ ಒಳಗಿನವನು

ಮೊದಲು ಬಂದವರು ವೀರನಹೊಸಹಳ್ಳಿ ಕಡೆಯ ಒಬ್ಬ ರೈತರು. ಹೊಗೆಸೊಪ್ಪು ಬೆಳೆಯುವವರು. ಒಳಗೆ ಬಂದು ಕೂರುವ ಮೊದಲೇ ಕಾಯಿಲೆಯ ಹೆಸರನ್ನೂ ಔಷಧಿಯನ್ನೂ ಅವರೇ ಹೇಳಿದರು.

"ಒಗೆ ಕಣ್ರೀ ಡಾಕ್ಟ್ರಮ್ಮ. ಬ್ಯಾರನ್ನಿಗೆ ಬೆಂಕಿ ಆಕಿ ಸೊಪ್ಪು ಬೇಯಿಸ್ತೀವಲ್ಲ, ಒಗೆ ಎದೆಗೆ ಕೂತ್ಕಬುಟ್ಟದೆ. ಒಂದು ಟಾನಿಕ್ ಬರ್ಕೊಡಿ."

"ಹೊಗೆ ಪ್ರತಿ ವರ್ಷವೂ ಇರುತ್ತದಲ್ಲ?" ಎಂದೆ.

"ಇರ್ತದೆ."

"ಕೆಮ್ಮು?"

"ಕೆಮ್ಮು ಈ ವರ್ಸ ಬಂತು. ಒಗೆ ಇಷ್ಟು ವರ್ಸ ಬುಟ್ಟಿದ್ದೇ ದೊಡ್ಡದು."

ಎಕ್ಸ್‌ರೇ ತೆಗೆಸಿದೆ. ಎದೆಯ ಎರಡೂ ಕಡೆ ಹಿಂಜಿದ ಹತ್ತಿ ಅಂಟಿಸಿದ ಹಾಗೆ ಬೆಳ್ಳಗಿತ್ತು. ಈ ಕಾಯಿಲೆಯ ಗುಣವೇ ಇದು, ಎಕ್ಸ್‌ರೇ ನೋಡಿದರೆ ಆಂಬುಲೆನ್ಸ್ ಕರೆಯಬೇಕು ಅನಿಸುತ್ತದೆ, ರೋಗಿಯನ್ನು ನೋಡಿದರೆ ಅವನು ಹೊರಗೆ ಬೈಕಿಗೆ ಗೊಬ್ಬರದ ಮೂಟೆ ಕಟ್ಟುತ್ತಿರುತ್ತಾನೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದೆ. ಅವರ ಮುಖ ಅರಳಿತು.

"ಮಗಳು ಬಾಣಂತನಕ್ಕೆ ಬಂದವ್ಳೆ. ಮದ್ವೆಯಾಗಿ ಏಸೋ ವರ್ಸಕ್ಕೆ ಗಂಡು ಮಗ. ದಿನ ತುಂಬೋಕೆ ಮುಂಚೇನೇ ಹುಟ್ಬುಡ್ತು. ಇಷ್ಟೇ ಇಷ್ಟು ಅದೆ ನೋಡಿ," ಎಂದು ಅಂಗೈಯನ್ನೂ ಮುಂಗೈಯನ್ನೂ ಸೇರಿಸಿ ಅಳತೆ ತೋರಿಸಿದರು. ತೋರಿಸುತ್ತಲೇ ಆ ಅಂಗೈ ಮೇಲೆ ಕೆಮ್ಮಿದರು.

ನನ್ನ ಆಯಾಸ ಅಲ್ಲಿಗೆ ಹಾರಿಹೋಯಿತು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಎದೆಗೂಡಿನ ಜೊತೆ ಜೂಜಾಡಲು ಆಗುವುದಿಲ್ಲ. ಕೆಮ್ಮುವವರು ಯಾರೂ ಆ ಕೋಣೆಗೆ ಕಾಲಿಡಬಾರದು, ನೀವಂತೂ ಮಾತ್ರೆ ಮುಗಿಯುವವರೆಗೆ ಹೊಸಿಲು ದಾಟಬಾರದು ಎಂದು ಬೆರಳು ಅಲ್ಲಾಡಿಸಿ ಹೇಳಿದೆ. ನಂಬಿಕೆ ಬರಲೆಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಅವರು ಅದನ್ನು ನೋಡಿ ಹೌಹಾರಿದರು. ಲೊಚಗುಟ್ಟಿದರು. ನಂತರ ಎದ್ದು ಪಂಚೆ ಸರಿಮಾಡಿಕೊಂಡರು.

"ಪಾಪ, ಇದ್ರಲ್ಲಿರೋನ್ಗೆ ಬ್ಯಾಗ ಮಾತ್ರೆ ಕೊಡಿ ಡಾಕ್ಟ್ರಮ್ಮ. ನಂಗೆ ಗ್ರೇಡಿಂಗ್ ಅದೆ, ಬತ್ತೀನಿ."

೨. ಮಾಸ್ಕಿನ ಮರ್ಯಾದೆ

ಕೂಸನ್ನು ನೋಡಬೇಕೆಂದು ಭಾನುವಾರ ಅವರ ಮನೆಗೇ ಹೋದೆ. ಭಾನುವಾರ ಮಲಗುವುದು ನನ್ನ ಏಕೈಕ ಹವ್ಯಾಸ, ಅದನ್ನೂ ಬಿಟ್ಟು ಹೋದೆ.

ಹೊಗೆಸೊಪ್ಪು ಬೆಂದ ಮೇಲೆ ಅದನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವುದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಗಾಳಿ ತಾಕಿದರೆ ಎಲೆ ಗರಗರ ಒಣಗಿ ಪುಡಿಯಾಗುತ್ತದೆ. ಅದಕ್ಕೆ ಬಾಗಿಲು ಕಿಟಕಿ ಭದ್ರವಾಗಿ ಹಾಕಿ, ಸಂದಿಗೆ ಗೋಣಿ ತುರುಕಿ, ಒಳಗೆ ಹೆಂಗಸರೆಲ್ಲ ಮಂಡಿಗೆ ಮಂಡಿ ತಾಕಿಸಿ ಕೂತು ದಿನವಿಡೀ ಮಾತಾಡುತ್ತ ಕೆಲಸ ಮಾಡುತ್ತಾರೆ. ಕೆಮ್ಮು ಹಬ್ಬಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಮಹಾನಗರವೂ ಮಾಡಲಾರದು. ಈ ಗ್ರೇಡಿಂಗ್ ನಡೆಯುತ್ತಿದ್ದದ್ದು ಆ ಮನೆಯ ನಡುಮನೆಯಲ್ಲಿ. ಅದಕ್ಕೆ ಅಂಟಿಕೊಂಡೇ ಬಾಣಂತಿ ಕೋಣೆ.

ಕೂಸು ಚೆನ್ನಾಗಿತ್ತು. ಮುಷ್ಟಿ ಬಿಗಿಹಿಡಿದು ನನ್ನ ಮೇಲೆ ದೂರು ಕೊಡುವಂತೆ ಅತ್ತಿತು. ಬಾಣಂತಿಯ ತಾಯಿ, ಅಂದರೆ ನಮ್ಮ ರೈತರ ಹೆಂಡತಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಹೆಚ್ಚು ಮಾತಿನವರಲ್ಲ. ನಡುಮನೆಗೆ ಬಂದು ಗಂಡನನ್ನು ಒಮ್ಮೆ, ಸೊಪ್ಪಿನ ರಾಶಿಯನ್ನು ಒಮ್ಮೆ ನೋಡಿದರು.

"ನಾಳೆಯಿಂದ ಗ್ರೇಡಿಂಗ್ ಬ್ಯಾರನ್ ಪಕ್ಕದ ಸೆಡ್ಡಲ್ಲಿ. ನೀವೂ ಅಲ್ಲೇ ಇರಿ. ಊಟ ಕಳಿಸ್ತೀನಿ," ಎಂದರು.

"ಸೊಪ್ಪು ಒಣ್ಗೋಯ್ತದೆ ಕಣಮಿ!" ಎಂದರು ರೈತರು.

"ಒಣುಗ್ಲಿ."

ಆ ಒಂದು ಮಾತಿಗೆ ಮೂರು ಎಕರೆ ಸೊಪ್ಪು ಎದ್ದು ಹೊರಗೆ ನಡೆಯಿತು. ಅವರ ಮೇಲೆ ನನಗೆ ಅವತ್ತೇ ಗೌರವ ಬಂದುಬಿಟ್ಟಿತು.

ಹೊರಡುವಾಗ ನೋಡಿದೆ, ಕೆಲಸದ ಹೆಂಗಸರೆಲ್ಲ ಧೂಳಿಗೆಂದು ಮಾಸ್ಕ್ ಹಾಕಿದ್ದರು. ಸದ್ಯ ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಅಜ್ಜಿ ಕೆಲಸ ನಿಲ್ಲಿಸಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಪಕ್ಕದವಳ ಕಡೆ ತಿರುಗಿ ಮನಸಾರೆ ಕೆಮ್ಮಿ, ಮಾಸ್ಕನ್ನು ಮತ್ತೆ ಮೂಗಿಗೆ ಏರಿಸಿಕೊಂಡರು. ಇದೇನಜ್ಜಿ ಎಂದೆ.

ಅಜ್ಜಿಗೆ ನನ್ನ ಓದಿನ ಮೇಲೆಯೇ ಅನುಮಾನ ಬಂತು. "ಇದ್ರೊಳಕ್ಕೇ ಕೆಮ್ಮುದ್ರೆ ಮಾಸ್ಕ್ ಗಲೀಜಾಗಕ್ಕಿಲ್ವಾ ಮಗಾ?"

೩. ನಾಲ್ಕು ಹೆಂಗಸರು

ಆಮೇಲೆ ಬಂದರು ನೋಡಿ. ಪಿರಿಯಾಪಟ್ಟಣದವರು, ಎಚ್.ಡಿ. ಕೋಟೆಯವರು, ಹುಣಸೂರು ಪೇಟೆಯವರು. ಎಲ್ಲರದೂ ಅದೇ ಒಣಕೆಮ್ಮು, ಎಲ್ಲರದೂ ಅದೇ "ನಂಗೇನಾಗಿಲ್ಲ". ಯಾರಿಂದ ಬಂದಿರಬಹುದು ಎಂದು ಒಬ್ಬೊಬ್ಬರನ್ನೇ ಹಿಂದಿನ ಎರಡು ಮೂರು ವಾರದ ಬಗ್ಗೆ ಕೇಳುತ್ತ ಹೋದೆ. ಎಲ್ಲೋ ಒಂದು ಕಡೆ ಕೊಂಡಿ ಸಿಕ್ಕರೆ ಕೆಮ್ಮು ಮತ್ತೆ ಕೂಸಿನ ಮನೆಯ ಬಾಗಿಲಿಗೆ ಬರುವ ಮೊದಲೇ ತಡೆಯಬಹುದು ಎಂಬ ಆಸೆ.

ಪಿರಿಯಾಪಟ್ಟಣದ ಹೆಂಗಸು, "ನಮ್ಮ ಅತ್ತೆಮ್ಮ ಬಂದಿದ್ರು, ಸೋದರತ್ತೆ," ಎಂದಳು. ಕೋಟೆ ಕಡೆಯ ಹಂಪಾಪುರದ ಮೇಷ್ಟರ ಮನೆಯಲ್ಲಿ ಬಂದಿದ್ದವರು ಚಿಕ್ಕಮ್ಮ. ಪೇಟೆಯ ಅಂಗಡಿಯವರಿಗೆ ದೊಡ್ಡಮ್ಮ. ನಮ್ಮ ಹೊಗೆಸೊಪ್ಪಿನ ರೈತರನ್ನು ಫೋನ್ ಮಾಡಿ ಕೇಳಿದರೆ, ಬಸುರಿ ಮಗಳನ್ನು ನೋಡಲು ಬೀಗಿತ್ತಿ ಬಂದು ಹೋಗಿದ್ದರು ಎಂದರು. ಒಟ್ಟು ನಾಲ್ಕು ಹೆಂಗಸರು ಕೆಮ್ಮಿಕೊಂಡು ತಿರುಗುತ್ತಿದ್ದಾರೆ, ನಾಲ್ವರನ್ನೂ ಎಲ್ಲಿ ಹುಡುಕಲಿ ಎಂದು ತಲೆ ಮೇಲೆ ಕೈ ಹೊತ್ತೆ.

ಸಂಜೆ ಕ್ಲಿನಿಕ್ಕಿನ ಸಿಸ್ಟರ್ ಗುಡಿಸುತ್ತ ಗುಡಿಸುತ್ತ, "ಮೇಡಂ, ಆ ನಾಲ್ಕೂ ಜನ ನೀಲಿ ವೈರ್ ಬುಟ್ಟಿ ಹಿಡ್ಕೊಂಡು ಕೆ.ಆರ್. ನಗರದ ಬಸ್ಸಲ್ಲೇ ಬಂದಿದಾರಂತಲ್ಲ," ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾಲ್ಕು ಹೆಂಗಸರಲ್ಲ, ಒಬ್ಬರೇ. ಹೊಸ ಅಗ್ರಹಾರದ ಹತ್ತಿರದ ಊರಿನವರು. ಸುತ್ತಮುತ್ತ ಯಾರು ಹುಷಾರು ತಪ್ಪಿದರೂ ಹೋಗಿ ಮಾತಾಡಿಸಿಕೊಂಡು ಬರುವುದು ಅವರ ಪದ್ಧತಿ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಮದುವೆಗೆ ಹೋಗದಿದ್ದರೆ ಕ್ಷಮಿಸಿಯಾರು, ಕಾಯಿಲೆಯಲ್ಲಿ ಮಲಗಿದಾಗ ಮಾತಾಡಿಸಲು ಬರಲಿಲ್ಲ ಎಂದರೆ ಸಂಬಂಧವೇ ಮುರಿಯುತ್ತದೆ. ಮೊದಲು ಬಸ್ ಚಾರ್ಜಿನ ಲೆಕ್ಕದಲ್ಲಿ ಸೌಜನ್ಯಕ್ಕೂ ಒಂದು ಮಿತಿ ಇತ್ತು. ಈಗ ಅದೂ ಇಲ್ಲ. ನಾಲ್ಕು ತಾಲ್ಲೂಕಿನ ನೆಂಟರಿಷ್ಟರನ್ನೂ ಈ ಮಹಾತಾಯಿ ಒಬ್ಬರನ್ನೂ ಬಿಡದೆ ಮಾತಾಡಿಸಿದ್ದರು. ಮುಂದೆ ಗೊಂದಲ ಬೇಡವೆಂದು ನಾನೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತೇನೆ.

ಹಂಪಾಪುರದ ಮೇಷ್ಟರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಊರುಗೋಲು ಊರಿಕೊಂಡು, ಕೆಮ್ಮುತ್ತ ಮತ್ತೆ ಬಂದಾಗ ನಾನು ತಡೆಯಲಾರದೆ ಹೇಳಿಬಿಟ್ಟೆ. ನೀವು ಮುರಿದುಕೊಂಡಿದ್ದು ಕಾಲು, ಕೆಮ್ಮು ಕೊಟ್ಟು ಹೋಗಿದ್ದು ನಿಮ್ಮನ್ನು ನೋಡಲು ಬಂದ ಚಿಕ್ಕಮ್ಮ ಎಂದೆ.

ಮೇಷ್ಟರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. "ಇರಬಹುದು ಡಾಕ್ಟ್ರೇ. ಖಾಲಿ ಕೈಯಲ್ಲಿ ಬರೋ ಜಾಯಮಾನವೇ ಅಲ್ಲ ಅವರದು."

೪. ಡಾಕ್ಟರನ್ನು ನೋಡಲು ಬಂದವರು

ದೊಡ್ಡಮ್ಮನನ್ನು ಹೇಗಾದರೂ ಕ್ಲಿನಿಕ್ಕಿಗೆ ಕರೆಸಬೇಕು ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಬಂದರು. ರೋಗಿಯಾಗಿ ಅಲ್ಲ.

ನೀಲಿ ಬುಟ್ಟಿಯನ್ನು ನನ್ನ ಮೇಜಿನ ಮೇಲೆ, ಸ್ಟೆತಸ್ಕೋಪಿನ ಮೇಲೆಯೇ ಇಟ್ಟು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು. ಎತ್ತರದ ಆಳು, ಕಾಸಗಲ ಕುಂಕುಮ, ಕಣ್ಣು ತುಂಬ ಮರುಕ.

"ನಮ್ಮ ಬೀಗ್ರು ಯೋಳುದ್ರು, ಡಾಕ್ಟ್ರಮ್ಮ ತೀರಾ ಸೊರಗೋಗವ್ರೆ, ಮಕದಲ್ಲಿ ಕಳೆನೇ ಇಲ್ಲ ಅಂತ. ಕೇಳಿ ಕರ್ಳು ಚುರುಕ್ ಅಂತು. ಮಾತಾಡ್ಸ್ಕಂಡು ಓಗುವಾ ಅಂತ ಬಂದೆ," ಎಂದು ನನ್ನ ಕೈ ಹಿಡಿದು ಕೆಮ್ಮಿದರು.

ಇಷ್ಟು ವರ್ಷ ಇಲ್ಲಿ ಕೂತಿದ್ದೇನೆ, ನೀನು ಹೇಗಿದ್ದೀಯ ಎಂದು ಕೇಳಲೆಂದೇ ಬಸ್ಸು ಹತ್ತಿ ಬಂದವರು ಅವರೊಬ್ಬರೇ. ನಿಜ ಹೇಳುತ್ತೇನೆ, ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಕೈ ಬಿಡದೆಯೇ ಬಯ್ಯಲು ಶುರುಮಾಡಿದೆ. ಎಕ್ಸ್‌ರೇ ತೆಗೆಸಿ ತೋರಿಸಿದೆ. ಅವರದು ರೈತರದ್ದಕ್ಕಿಂತ ಬೆಳ್ಳಗಿತ್ತು.

"ದೊಡ್ಡಮ್ಮ, ಮಾತ್ರೆ ಪೂರ್ತಿ ಮುಗಿಸಬೇಕು. ಜ್ವರ ಬಿಡಬೇಕು. ಅಲ್ಲಿಯವರೆಗೆ ಬಸ್ಸು ಹತ್ತಬಾರದು. ಮೊಮ್ಮಗನ ಹತ್ತಿರ ಹೋಗಲೇಬಾರದು."

ಬಸ್ಸಿನ ಮಾತಿಗೆ ಅವರು ತಲೆ ಆಡಿಸಿದ್ದರು. ಮೊಮ್ಮಗ ಎಂದ ಕೂಡಲೇ ತಲೆ ನಿಂತಿತು.

"ನಾನಿನ್ನೂ ಅವನ್ನ ಎತ್ಕಂಡೇ ಇಲ್ಲ ಕಣವ್ವ. ಆಸ್ಪತ್ರೇಲಿ ಗಾಜಿನ್ ಪೆಟ್ಗೇಲಿ ಮಡಗಿದ್ರು, ಆಚೆಯಿಂದ ನೋಡ್ದೆ. ಈ ಮಗೀಗೆ ಎಷ್ಟು ದೇವ್ರಿಗೆ ಅಡ್ಡಬಿದ್ದಿವ್ನಿ ಗೊತ್ತಾ ನಿಂಗೆ? ತೊಟ್ಲಿಗೆ ಆಕೋವಾಗ ಮೊದ್ಲು ನಾನೇ ಎತ್ಕಬೇಕು ಅಂತ ಸೊಸೆ ತಾವ ಯೋಳಿವ್ನಿ."

"ಮಾತ್ರೆ ಮುಗಿಸಿ, ಜ್ವರ ಬಿಟ್ಟು, ಮತ್ತೆ ಯಾರ ಕೆಮ್ಮಿನ ಹತ್ತಿರವೂ ಹೋಗದೆ ಇದ್ದರೆ ಎತ್ತಿಕೊಳ್ಳಿ," ಎಂದೆ. "ಅಷ್ಟರವರೆಗೆ ಮನೆಯಲ್ಲಿ ಸುಮ್ಮನೆ ಇರಿ."

ಆಯ್ತು ಎಂದರು. ಬುಟ್ಟಿ ಎತ್ತಿಕೊಂಡರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳನ್ನು ಕಂಡರು.

ಕೊನೆಯ ರೋಗಿಯವರೆಗೂ ಪ್ರತಿಯೊಬ್ಬರನ್ನೂ ಮಾತಾಡಿಸಿಕೊಂಡೇ ಹೋದರು.

೫. ಹಂಚಿ ತಿಂದ ಮಾತ್ರೆ

ಮಾತ್ರೆ ಮುಗಿಯಿತಾ ಎಂದು ಕೇಳಲು ಫೋನ್ ಮಾಡಿದೆ.

"ಅವತ್ತೇ ಮುಗೀತು," ಎಂದರು ದೊಡ್ಡಮ್ಮ.

"ಅವತ್ತೇ ಹೇಗೆ ಮುಗಿಯುತ್ತದೆ? ದಿನಕ್ಕೊಂದು ಅಂದಿದ್ದೆ!"

"ಬಸ್ಸಲ್ಲಿ ಪಕ್ಕದವ್ಳು ಕೆಮ್ತಿದ್ಲು, ಒಂದ್ ಕೊಟ್ಟೆ. ಇಂದ್ಗಡೆ ಸೀಟಲ್ಲಿ ಒಬ್ಬ ಕಾಲೇಜು ಉಡ್ಗಿ, ಪಾಪ, ಅವ್ಳಿಗೂ ಕೊಟ್ಟೆ. ಕಂಡಕ್ಟ್ರು ಕೇಳ್ದ, ಇಲ್ಲ ಅನ್ನಕ್ಕಾಯ್ತದಾ?"

"ನಿಮಗೆ?"

"ನಾನೊಬ್ಳೇ ಎಂಗವ್ವಾ ತಿನ್ನದು, ಅಷ್ಟು ಜನ ನೋಡ್ತಿರ್ಬೇಕಾದ್ರೆ?"

ಮತ್ತೆ ಮಾತ್ರೆ ಕಳಿಸಿದೆ. ಒಂದು ಕಾಯಿಲೆಯ ಔಷಧಿ ಒಬ್ಬರೇ ಪೂರ್ತಿ ನುಂಗಿದರೆ ಮಾತ್ರ ಕೆಲಸ ಮಾಡುತ್ತದೆ, ಇದು ಕಡಲೆಪುರಿಯಲ್ಲ ಎಂದು ಗಂಟಲು ಹರಿಯುವಂತೆ ವಿವರಿಸಿದೆ. ದೊಡ್ಡಮ್ಮ ಹೂಂಗುಟ್ಟಿದರು. ಫೋನ್ ಇಡುವ ಮುಂಚೆ, "ನಿನ್ ಗಂಟ್ಲೂ ಯಾಕೋ ಕಟ್ಟಂಗದೆ, ನಿಂಗೊಂದು ಮಡಗಿರ್ಲಾ?" ಎಂದರು.

೬. ಬಾಗಿಲಿಗೆ ಬೇವು

ಎರಡನೆಯ ಸಲದ ಮಾತ್ರೆಯನ್ನು ದೊಡ್ಡಮ್ಮನ ಮಗನೇ ನಿಂತು ನುಂಗಿಸತೊಡಗಿದ್ದ. ಇನ್ನೇನು ಸರಿಹೋಯಿತು ಎಂದುಕೊಳ್ಳುವಾಗ, ಒಂದು ಬೆಳಿಗ್ಗೆ ಹಿಂದೆ ಬಸ್ಸಿನ ಗಲಾಟೆಯ ಜೊತೆ ದೊಡ್ಡಮ್ಮನ ಫೋನ್ ಬಂತು. ತಡೆಯಲಾಗುತ್ತಿಲ್ಲ, ಕೂಸನ್ನು ಒಂದೇ ಒಂದು ಗಳಿಗೆ ನೋಡಿ ಬಂದುಬಿಡುತ್ತೇನೆ, ವೀರನಹೊಸಹಳ್ಳಿ ಬಸ್ಸು ಹತ್ತಿದ್ದೇನೆ ಎಂದರು. ಪೂರ್ತಿ ಹೇಳುವಷ್ಟರಲ್ಲಿ ಮೂರು ಸಲ ಕೆಮ್ಮಿದರು.

ಬಾಣಂತಿಯ ತಾಯಿಗೆ ಫೋನ್ ಮಾಡಿದೆ. "ಬರಬೇಡಿ ಅಂದುಬಿಡಿ," ಎಂದೆ.

"ಬೀಗಿತ್ತೀನ ಬರಬ್ಯಾಡಿ ಅನ್ನಕ್ಕಾಯ್ತದಾ ಡಾಕ್ಟ್ರಮ್ಮ? ಮಗ ಅವ್ರ ವಂಸದ್ದು. ನಾಳೀಕೆ ನನ್ ಮಗಳು ಆ ಮನೇಲಿ ಬಾಳ್ಬೇಕು."

"ಹಾಗಾದರೆ ಮಗು?"

ಒಂದು ಕಡೆ ಅಂಗೈಯಗಲದ ಜೀವ, ಇನ್ನೊಂದು ಕಡೆ ಮಗಳ ಸಂಸಾರ. ಯಾವ ಮಾತ್ರೆ ಬರೆದುಕೊಡಲಿ?

"ಬಸ್ಸು ಏಸೊತ್ಗೆ ಬತ್ತದೆ?" ಎಂದು ಕೇಳಿ ಅವರು ಫೋನ್ ಇಟ್ಟರು.

ಆಮೇಲೆ ಏನಾಯಿತು ಎಂದು ತಿಳಿದದ್ದು, ಕೆಲವು ದಿನ ಬಿಟ್ಟು ರೈತರು ಕ್ಲಿನಿಕ್ಕಿಗೆ ಬಂದಾಗ. ಅವರು ಎಲ್ಲವನ್ನೂ ಬ್ಯಾರನ್ ಪಕ್ಕದ ಸೆಡ್ಡಿನಿಂದ ನೋಡಿದ್ದರು.

ದೊಡ್ಡಮ್ಮ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಿದ್ದಾರೆ. ಬಾಗಿಲ ಚೌಕಟ್ಟಿಗೆ ಬೇವಿನ ಸೊಪ್ಪು ಸಿಕ್ಕಿಸಿದೆ. ನಮ್ಮಲ್ಲಿ ಮನೆಯಲ್ಲಿ ಯಾರಿಗಾದರೂ ಅಮ್ಮ ಆದರೆ, ಅಂದರೆ ಮೈಮೇಲೆ ಗುಳ್ಳೆ ಎದ್ದರೆ, ಬಾಗಿಲಿಗೆ ಬೇವು ಕಟ್ಟುತ್ತಾರೆ. ಆಮೇಲೆ ಆ ಹೊಸಿಲನ್ನು ಹೊರಗಿನವರು ಯಾರೂ ತುಳಿಯುವುದಿಲ್ಲ. ನ್ಯುಮೋನಿಯಾಕ್ಕೆ ಕೂದಲಷ್ಟೂ ಹೆದರದ ದೊಡ್ಡಮ್ಮ ಬೇವು ಕಂಡು ಚಪ್ಪಲಿ ಬಿಟ್ಟು ನಿಂತಲ್ಲೇ ನಿಂತರು.

"ಅಯ್ಯೋ, ಮಗೀಗಾ?" ಎಂದು ಕೂಗಿದರು.

ಬಾಣಂತಿಯ ತಾಯಿ ಒಳಗಿನಿಂದಲೇ, "ಮಗ ಚೆನ್ನಾಗವ್ನೆ," ಎಂದರು.

"ಮತ್ಯಾರ್ಗೆ?"

ಆಕೆ ಸುಳ್ಳು ಹೇಳುವವರಲ್ಲ. ದೇವಿಯ ವಿಷಯದಲ್ಲಂತೂ ಹೇಳುವುದೇ ಇಲ್ಲ. ಸುಮ್ಮನೆ ನಿಂತರು. ಸರಿಯಾಗಿ ಅದೇ ಗಳಿಗೆಗೆ ಸೆಡ್ಡಿನಲ್ಲಿ ರೈತರು ಕೆಮ್ಮಿದರು. ಆಕೆ ಆ ಕಡೆ ಒಮ್ಮೆ ನೋಡಿದರು, ಅಷ್ಟೆ. ದೊಡ್ಡಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಕಿಟಕಿಯಲ್ಲಿ ಎತ್ತಿ ತೋರಿಸಿದ ಕೂಸನ್ನು ಅಂಗಳದಿಂದಲೇ ಕಣ್ತುಂಬ ನೋಡಿ, ಹೋಗುವಾಗ ಸೆಡ್ಡಿನ ಕಡೆ ಗಟ್ಟಿಯಾಗಿ ಹೇಳಿದರಂತೆ, "ಬೀಗ್ರೇ, ತಂಪಾಗಿ ಮಲೀಕಳಿ! ತಾಯಿ ಕಾಪಾಡ್ತಾಳೆ!"

ಇಷ್ಟನ್ನು ಹೇಳಿ ರೈತರು ನನ್ನ ಮುಂದೆ ಅಂಗಿಯ ಗುಂಡಿ ಬಿಚ್ಚತೊಡಗಿದರು. ಮುಖ ತೀರಾ ಇಳಿದಿತ್ತು.

"ಅವತ್ತಿಂದ ಮನೇವ್ಳು ನಂಗೆ ಒಗ್ಗರಣೆ ಇಲ್ದಿರೋ ಸಾರೇ ಕಳಿಸ್ತಾವ್ಳೆ. ಕೇಳುದ್ರೆ ತಿನ್ನಿ ಅಂತಾಳೆ. ನಂಗೆ ಅಮ್ಮ ಆಗದೆ ಅಂತ ಊರೆಲ್ಲಾ ಮಾತಾಡ್ತಾರೆ ಡಾಕ್ಟ್ರಮ್ಮ. ಕನ್ನಡಿ ಇಟ್ಕಂಡು ಬೆನ್ನೆಲ್ಲಾ ಹುಡುಕ್ದೆ. ಎಲ್ಲಿ ಆಗದೆ ಅಂತ ನೀವಾದ್ರೂ ಸ್ವಲ್ಪ ನೋಡಿ ಯೋಳಿ."

೭. ಹೊಸಿಲಾಚೆ

ಅಮ್ಮ ಇರುವ ಮನೆಯ ಅಂಗಳ ತುಳಿದವರು ತಂಪು ಮಾಡುವವರೆಗೆ, ಅಂದರೆ ದೇವಿಗೆ ಮೊಸರನ್ನದ ಎಡೆ ಇಟ್ಟು ಶಾಂತಿ ಮಾಡುವವರೆಗೆ, ಇನ್ನೊಬ್ಬರ ಮನೆಗೆ ಹೋಗಬಾರದು ಎಂಬುದು ದೊಡ್ಡಮ್ಮ ಪಾಲಿಸಿಕೊಂಡು ಬಂದ ರೂಢಿ. ಹಾಗಾಗಿಯೇ ಇರಬೇಕು, ಅವರು ಊರಿಗೆ ಹೋದವರು ಮನೆಯಲ್ಲೇ ಕೂತರು. ನಾನು ಬೇಡಿ, ಬಯ್ದು, ಎಕ್ಸ್‌ರೇ ತೋರಿಸಿ ಆಗದೇ ಇದ್ದದ್ದನ್ನು ಒಂದು ಹಿಡಿ ಬೇವಿನ ಸೊಪ್ಪು ಮಾಡಿತ್ತು. ಮಾತ್ರೆ ಮುಗಿಯಿತು, ಜ್ವರ ಬಿಟ್ಟಿತು, ಕೆಮ್ಮೂ ತಗ್ಗಿತು ಎಂದು ಮಗ ಫೋನಿನಲ್ಲಿ ಹೇಳಿದ. ಶುಕ್ರವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು ಎಂದು ಗೊತ್ತಾಗಿತ್ತು. ಅಲ್ಲಿಯವರೆಗೆ ಯಾವ ಕೆಮ್ಮೂ ಹತ್ತಿರ ಸುಳಿಯದಿದ್ದರೆ ದೊಡ್ಡಮ್ಮ ಎತ್ತಿಕೊಳ್ಳಬಹುದು ಎಂದೆ. ಅವತ್ತು ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದರೆ ಬೆಂಚು ಖಾಲಿ. ಪಿರಿಯಾಪಟ್ಟಣದ ಹೆಂಗಸಿಗೆ ಫೋನ್ ಮಾಡಿ, ಇವತ್ತು ತೋರಿಸಿಕೊಳ್ಳಬೇಕಿತ್ತಲ್ಲ ಎಂದೆ.

"ನಾಳೆ ಬತ್ತೀನಿ ಮೇಡಂ. ಅತ್ತೆಮ್ಮಂಗೆ ತೀರಾ ಉಸಾರಿಲ್ವಂತೆ. ಒಂದ್ ಬೀಗರೂಟಕ್ಕೂ ಬರ್ಲಿಲ್ಲ, ಒಂದ್ ತಿಥಿಗೂ ಬರ್ಲಿಲ್ಲ. ಅವ್ರು ಮನೇಲಿ ಕೂತವ್ರೆ ಅಂದ್ರೆ ಮುಗೀತು ಅಂತ್ಲೇ ಲೆಕ್ಕ. ಎಲ್ರೂ ಬಸ್ಸಲ್ಲಿ ಇದೀವಿ, ಮಾತ್ರೆ ಆಮೇಲೆ ಈಸ್ಕತೀನಿ."

ಅಂದರೆ ದೊಡ್ಡಮ್ಮ ಇಷ್ಟು ವರ್ಷ ಮಾತಾಡಿಸಿಕೊಂಡು ಬಂದವರೆಲ್ಲ, ನಾಲ್ಕು ತಾಲ್ಲೂಕಿನಿಂದ, ಅವರನ್ನು ಮಾತಾಡಿಸಲು ಹೊರಟಿದ್ದರು. ಅದರಲ್ಲಿ ಅರ್ಧ ಜನ ನನ್ನ ಹತ್ತಿರ ಇನ್ನೂ ಅರ್ಧ ವಾಸಿಯಾದವರು. ಕೊಟ್ಟ ಕೆಮ್ಮನ್ನೆಲ್ಲ ಗೌರವದಿಂದ ವಾಪಸ್ ಒಯ್ಯುತ್ತಿದ್ದರು. ಶುಕ್ರವಾರಕ್ಕೆ ಇನ್ನು ಕೆಲವೇ ದಿನ ಇತ್ತು. ಇಷ್ಟು ಕೆಮ್ಮು ಒಳಗೆ ನುಗ್ಗಿದರೆ ದೊಡ್ಡಮ್ಮ ಕೂಸನ್ನು ಎತ್ತಿಕೊಳ್ಳುವುದು ಬೇಡ ಎಂದು ನಾನೇ ಹೇಳಬೇಕು. ಬೇಡ ಎಂದರೆ ಅವರ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೇ ಸಂಕಟವಾಯಿತು.

ಸಿಸ್ಟರಿಗೆ ಕ್ಲಿನಿಕ್ ಬಾಗಿಲು ಹಾಕಲು ಹೇಳಿ ಕೆ.ಆರ್. ನಗರದ ಬಸ್ಸು ಹತ್ತಿದೆ. ಹತ್ತುವ ಮೊದಲು ದಾಳಿಂಬೆ ಹಣ್ಣು ಕೊಂಡೆ. ಯಾಕೆ ಕೊಂಡೆನೋ ದೇವರಿಗೇ ಗೊತ್ತು, ಕೈ ತಾನಾಗಿಯೇ ಹೋಯಿತು. ಬಸ್ಸಿನಲ್ಲಿ ನಾನು ಒಂಟಿ ಕಾಲಿನ ಮೇಲೆ ನಿಂತಿದ್ದರೆ, ಚಳಿಗೆಂದು ಮುಚ್ಚಿದ ಕಿಟಕಿಗಳ ನಡುವೆ, ನನ್ನದೇ ಅರ್ಧ ಡಜನ್ ರೋಗಿಗಳು ನನ್ನ ಹೆಗಲ ಮೇಲೆ ಕೆಮ್ಮುತ್ತ, "ನೀವೂ ಮಾತಾಡ್ಸಕ್ಕೇನಾ ಮೇಡಂ?" ಎಂದು ಕೇಳುತ್ತ ಬಂದರು.

ದೊಡ್ಡಮ್ಮನ ಮನೆಯ ಮುಂದೆ ಜನವೋ ಜನ. ಹೊಂಗೆ ಮರದ ಕೆಳಗೆ ಕೂತಿದ್ದರು, ಜಗಲಿಯ ತುಂಬ ಹಣ್ಣು, ಬ್ರೆಡ್ಡು, ಎಳನೀರು. ಆದರೆ ಒಬ್ಬರೂ ಒಳಗಿಲ್ಲ. ಬಾಗಿಲು ನೋಡಿದೆ. ಎರಡೂ ಕಡೆ ಬೇವಿನ ಸೊಪ್ಪು. ಕಿಟಕಿಯಲ್ಲಿ ದೊಡ್ಡಮ್ಮ ಕಂಡರು.

"ಏನಿದು ದೊಡ್ಡಮ್ಮ, ನಿಜವಾಗಿ ಅಮ್ಮ ಆಗಿದೆಯಾ?"

ಅವರು ಜನರ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಬೀಗಿತ್ತಿ ಮನೆಗೆ ಬಂದಿದ್ಲಲ್ಲ ಅಮ್ಮ, ಅವ್ಳೇ ಕಣವ್ವ ಇಲ್ಗೂ ಬಂದಿರದು."

"ಗೊತ್ತಾಗಿಬಿಟ್ಟಿತ್ತಾ ನಿಮಗೆ?"

"ಅವತ್ತು ಅಂಗಳದಲ್ಲಿ ನಿಂತಾಗ್ಲೇ ಒಳಗಿಂದ ಒಗ್ಗರಣೆ ವಾಸ್ನೆ ಗಮ್ ಅಂತಿತ್ತು. ಅಮ್ಮ ಇರೋ ಮನೇಲಿ ಯಾರವ್ವ ಒಗ್ಗರಣೆ ಆಕ್ತಾರೆ? ಬಸ್ಸಲ್ಲಿ ಕೂತ್ಮ್ಯಾಕೆ ತಿಳೀತು. ಮೈಯೆಲ್ಲಾ ಉರ್ದೋಯ್ತು. ಇಳ್ದು ವಾಪಸ್ ಓಗಿ ಬೀಗಿತ್ತಿ ಮಾನ ಕಳೀಬೇಕು ಅಂತ ಎದ್ನಿಂತೆ. ಅಷ್ಟೊತ್ಗೆ ಕೆಮ್ಮು ಬಂತು ನೋಡು. ನಿಲ್ಲಿಸ್ತೀನಿ ಅಂದ್ರೂ ನಿಲ್ಲಲಿಲ್ಲ. ಇದ್ನ ಆ ಕೂಸಿನ್ ಮಕದ್ ಮ್ಯಾಲೆ ಕೆಮ್ಮಿದ್ರೆ ಏನಾಗ್ತಿತ್ತು ಅಂತ ನೆನೆಸ್ಕಂಡು ಸುಮ್ಕೆ ಕೂತ್ಕಬುಟ್ಟೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ತಾಯಿಗೆ ತಪ್ಪುಕಾಣಿಕೆ ಕಟ್ಟಿವ್ನಿ. ಬೀಗಿತ್ತಿಗೂ ಸೇರ್ಸೇ ಕಟ್ಟಿವ್ನಿ."

ನನಗೂ ಕಣ್ಣು ತುಂಬಿ ಬಂತು. ಇಷ್ಟು ದಿನದ ಸುಸ್ತೆಲ್ಲ ಒಟ್ಟಿಗೆ ಇಳಿದ ಹಾಗಾಯಿತು. ಒಳಗೆ ಹೋಗಿ ಅವರ ಕೈ ಹಿಡಿದುಕೊಳ್ಳೋಣ ಎಂದು ಹಣ್ಣಿನ ಚೀಲದ ಸಮೇತ ಹೊಸಿಲಿಗೆ ಕಾಲೆತ್ತಿದೆ.

"ಏಯ್, ನಿಂತ್ಕೊ ಅಲ್ಲೇ!" ಎಂದು ದೊಡ್ಡಮ್ಮ ಕಿಟಕಿಯಿಂದ ಗುಡುಗಿದರು. ಮರದ ಕೆಳಗಿನವರೆಲ್ಲ ತಿರುಗಿ ನೋಡಿದರು. "ನಾಕ್ ತಾಲ್ಲೂಕಿನ ಕೆಮ್ಮೆಲ್ಲಾ ದಿನಾ ನಿನ್ ಮುಂದ್ಗಡೇನೇ ಕೂರದು. ಎಲ್ರುನ್ನೂ ಬುಟ್ಟು ನಿನ್ನ ಒಳಕ್ಕೆ ಬುಟ್ಕತೀನಾ? ಸುಕ್ರವಾರ ನಾನು ಮೊಮ್ಮಗನ್ನ ಎತ್ಕಬೇಕು. ಹಣ್ಣ ಜಗಲಿ ಮ್ಯಾಲೆ ಮಡುಗ್ಬುಟ್ಟು ಓಗವ್ವ, ನೀನು ಬಂದು ಮಾತಾಡ್ಸ್ದೆ ಅಂತ್ಲೇ ಅನ್ಕತೀನಿ."